ಇಗ್ಲೂ ಬಾಗಿಲಿಗೆ ಪೆಂಗ್ವಿನ್ ನಿಲ್ಲಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಈಚೆಗೆ ಬಂದ ಉತ್ತರ ಧ್ರುವದ ಜನರ ಕುರಿತ ಬರಹ ಓದಿ ಈ ಪತ್ರ ಬರೆಯುತ್ತಿದ್ದೇವೆ. ಬರಹ ಅರ್ಧ ಕಾಲಮ್ಮಿನದು, ತಪ್ಪು ತಿದ್ದಲು ಒಂದು ಪುಟ ಬೇಕು. ಎಸ್ಕಿಮೋಗಳು ಮಂಜುಗಡ್ಡೆಯ ಇಟ್ಟಿಗೆಯಿಂದ ಮನೆ ಕಟ್ಟುತ್ತಾರೆ, ಬೆಂಕಿ ಇಲ್ಲದ್ದರಿಂದ ಹಸಿ ಮಾಂಸ ತಿನ್ನುತ್ತಾರೆ, ಚಳಿ ಅವರ ಮೈಗೆ ಒಗ್ಗಿಹೋಗಿದೆ ಎಂದು ಅದರಲ್ಲಿತ್ತು. ಮೂರಕ್ಕೆ ಮೂರೂ ತಪ್ಪು. ಜೊತೆಗಿನ ಚಿತ್ರದಲ್ಲಿ ಇಗ್ಲೂ ಬಾಗಿಲಿಗೆ ಎರಡು ಪೆಂಗ್ವಿನ್ ನಿಂತಿದ್ದವು. ಪೆಂಗ್ವಿನ್ ಇರುವುದು ಭೂಮಿಯ ದಕ್ಷಿಣಾರ್ಧದಲ್ಲಿ. ದುರ್ಗದಬೈಲಿನ ಚಿತ್ರ ಬರೆದು ಮಿರ್ಚಿ ಗಾಡಿಯ ಪಕ್ಕ ಕಾಂಗರೂ ನಿಲ್ಲಿಸಿದ ಹಾಗಾಯಿತು. ಇದು ನಿಮ್ಮ ಪತ್ರಿಕೆಯೊಂದರ ತಪ್ಪೂ ಅಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಶಾಲಾ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲಿನ ಇಗ್ಲೂ ಬಂದೇ ಬರುತ್ತದೆ. ಅದರ ಮುಂದೆ ಹತ್ತಿ ಹರಡುತ್ತಾರೆ, ಹತ್ತಿಯ ಮೇಲೆ ಪೆಂಗ್ವಿನ್.

ನಮ್ಮ ತಕರಾರು ಪೆಂಗ್ವಿನ್ನಿಗಿಂತ ಹೆಚ್ಚಾಗಿ ಆ ‘ಒಗ್ಗಿಹೋಗಿದೆ’ ಎಂಬ ಮಾತಿನ ಮೇಲೆ. ಮೈನಸ್ 40 ಡಿಗ್ರಿ ಯಾರ ಮೈಗೂ ಒಗ್ಗುವುದಿಲ್ಲ. ಗಾಳಿ ಬೀಸುತ್ತಿದ್ದರೆ ಬರಿಗೈ ನಿಮಿಷಗಳಲ್ಲಿ ಮರಗಟ್ಟುತ್ತದೆ. ಅಲ್ಲಿಯ ಜನ ತಲೆತಲಾಂತರ ಬಾಳಿದ್ದು ಚಳಿ ಸಹಿಸಿಕೊಂಡಲ್ಲ, ಲೆಕ್ಕ ಹಾಕಿ. ಯಾವ ಹಿಮ, ಯಾವ ತಿಂಗಳ ಚರ್ಮ, ದೀಪದ ಉರಿ ಎಷ್ಟು ಎತ್ತರ, ಗೋಡೆಯಲ್ಲಿ ತೂತು ಎಲ್ಲಿ ಎಂಬ ಲೆಕ್ಕ. ಕಂಬಳಿ ನೇಯುವವರ, ಹಗೇವು ತೋಡಿದವರ ನಾಡಿನ ಮಕ್ಕಳಿಗೆ ಇದನ್ನು ತಿಳಿಸಿಕೊಡುವುದು ಕಷ್ಟವೇನಲ್ಲ.

ಹೆಸರಿನ ವಿಷಯ ಮೊದಲು ಮುಗಿಸಿಬಿಡೋಣ. ಎಸ್ಕಿಮೋ ಎಂಬುದು ಹೊರಗಿನವರು ಇಟ್ಟ ಹೆಸರು. ಕೆನಡಾ, ಗ್ರೀನ್‌ಲ್ಯಾಂಡಿನಲ್ಲಿ ಅದನ್ನು ಇವತ್ತು ಅವಮಾನವೆಂದೇ ತಿಳಿಯುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು, ‘ಜನ’ ಎಂದರ್ಥ. ಒಬ್ಬರಿದ್ದರೆ ಇನುಕ್. ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾ, ರಷ್ಯಾದ ಚುಕೋಟ್ಕಾ ಸೇರಿ ಸುಮಾರು 1.8 ಲಕ್ಷ ಮಂದಿ. 1977ರಲ್ಲಿ ಅಲಾಸ್ಕಾದ ಬ್ಯಾರೋದಲ್ಲಿ ಸೇರಿದ ಸಮಾವೇಶ ಇನುಯಿಟ್ ಎಂಬ ಹೆಸರನ್ನೇ ಎತ್ತಿಹಿಡಿಯಿತು. ಆ ಊರೂ ಈಗ ಉತ್ಕಿಯಾಗ್ವಿಕ್ ಎಂಬ ತನ್ನ ಹಳೆಯ ಹೆಸರಿಗೆ ಮರಳಿದೆ. ಈ ಎಣಿಕೆಯಲ್ಲಿ ಸೇರಿದ್ದರೂ ಅಲಾಸ್ಕಾದ ಯುಪಿಕ್ ಜನ ಬೇರೆ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಾದ ಕೋಲಾ ಪರ್ಯಾಯದ್ವೀಪದ ಸಾಮಿ ಜನ ಬೇರೆ. ಅವರನ್ನು ‘ಲ್ಯಾಪ್’ ಎಂದರೆ ಬೈದಂತೆ. ಸೈಬೀರಿಯಾದ ನೆನೆತ್ಸ್ ಜನ ಇನ್ನೂ ಬೇರೆ. ಇವರೆಲ್ಲರನ್ನೂ ಒಂದೇ ಇಗ್ಲೂವಿನಲ್ಲಿ ತುರುಕುವುದು, ಬೆಂಗಳೂರಿನವರು ಬೆಳಗಾವಿಯಿಂದ ಬೀದರಿನವರೆಗೆ ಎಲ್ಲರನ್ನೂ ‘ಹುಬ್ಬಳ್ಳಿ ಕಡೆಯವರು’ ಎಂದುಬಿಡುವ ಹಾಗೆ.

ಈಗ ಇಗ್ಲೂ. ಇನುಯಿಟ್ ಭಾಷೆಯಲ್ಲಿ ಇಗ್ಲು ಎಂದರೆ ಬರೀ ಮನೆ. ಕಲ್ಲಿನದಾದರೂ ಸರಿ, ಹಲಗೆಯದಾದರೂ ಸರಿ. ಹಿಮದ ಮನೆಗೆ ಬೇರೆ ಶಬ್ದವಿದೆ. ಗ್ರೀನ್‌ಲ್ಯಾಂಡ್ ಮತ್ತು ಅಲಾಸ್ಕಾದಲ್ಲಿ ಚಳಿಗಾಲದ ಮನೆ ಎಂದರೆ ಹೆಚ್ಚಾಗಿ ಕಲ್ಲು, ಹುಲ್ಲುಹೆಂಟೆ, ತೇಲಿಬಂದ ಕಟ್ಟಿಗೆ, ತಿಮಿಂಗಿಲದ ಎಲುಬು ಹಾಕಿ ಅರ್ಧ ನೆಲದೊಳಗೆ ಕಟ್ಟಿದ್ದು. ನಮ್ಮ ಮಣ್ಣಿನ ಮಾಳಿಗೆಗೆ ಅದು ಹತ್ತಿರದ ನೆಂಟ. ಇಡೀ ಚಳಿಗಾಲ ಹಿಮದ ಮನೆಯಲ್ಲೇ ಕಳೆಯುತ್ತಿದ್ದವರು ಮುಖ್ಯವಾಗಿ ಕೆನಡಾದ ನಡುಭಾಗದ ಆರ್ಕ್ಟಿಕ್ ಜನ. ಉಳಿದವರಿಗೆ ಅದು ಬೇಟೆಗೆ ಹೋದಾಗಿನ ತಂಗುದಾಣ.

ಕಟ್ಟುವುದು ಮಂಜುಗಡ್ಡೆಯಿಂದ ಅಲ್ಲವೇ ಅಲ್ಲ. ಗಡ್ಡೆ ಭಾರ, ಮೇಲಾಗಿ ಒಳಗಿನ ಶಾಖವನ್ನು ಹೊರಗೆ ಸಾಗಿಸಿಬಿಡುತ್ತದೆ. ಬೇಕಾದದ್ದು ಗಾಳಿಗೆ ಬಡಿಸಿಕೊಂಡು ಗಟ್ಟಿಯಾದ ಹಿಮ. ಅದರ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ. ಕೌದಿ ಬೆಚ್ಚಗಿರುವುದು ಹಳೇ ಸೀರೆಯ ಗುಣದಿಂದಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಇಲ್ಲಿಯೂ ಅದೇ ಕತೆ.

ಹಿಮ ಆರಿಸುವುದರಲ್ಲೇ ಅರ್ಧ ಕೆಲಸ. ಹೊಸದಾಗಿ ಬಿದ್ದದ್ದು ಅರಳೆ ಇದ್ದ ಹಾಗೆ, ನಿಲ್ಲುವುದಿಲ್ಲ. ಮೂರ್ನಾಲ್ಕು ಬಿರುಗಾಳಿಗೆ ಪದರ ಪದರವಾಗಿ ಕೂತದ್ದು ಕೊಯ್ಯುವಾಗ ಪದರದ ಗೆರೆಯಲ್ಲೇ ಬಿರಿಯುತ್ತದೆ. ಒಂದೇ ಬಿರುಗಾಳಿಯಲ್ಲಿ ಕೂತ ಹಿಮ ಬೇಕು. ತೆಳ್ಳನೆಯ ಕೋಲನ್ನು ನಿಧಾನವಾಗಿ ಒತ್ತಿ ನೋಡುತ್ತಾರೆ. ಕೋಲು ಒಂದೇ ಬಿಗುವಿನಲ್ಲಿ ಇಳಿದರೆ ಸರಿ. ನಡುವೆ ಗಕ್ಕನೆ ಜಾರಿದರೆ ಅಲ್ಲೊಂದು ಸಡಿಲು ಪದರ ಇದೆ ಎಂದು ಮುಂದೆ ನಡೆಯುತ್ತಾರೆ. ಮೇಲೆ ಕಾಲಿಟ್ಟರೆ ಹೆಜ್ಜೆಯ ಗುರುತು ಮೂಡಬೇಕು, ಪಾದ ಹೂತುಹೋಗಬಾರದು.

ಕೊಯ್ಯಲು ‘ಪನ’ ಎಂಬ ಉದ್ದನೆಯ ಹಿಮಗತ್ತಿ. ಮೊದಲು ಕೊಂಬು, ಎಲುಬು, ದಂತದಿಂದ ಮಾಡುತ್ತಿದ್ದರು, ಕಬ್ಬಿಣ ಸಿಕ್ಕ ಮೇಲೆ ಕಬ್ಬಿಣದ್ದು. ಒಂದು ಕುಟುಂಬಕ್ಕೆ ಮೂರರಿಂದ ನಾಲ್ಕು ಮೀಟರ್ ಅಡ್ಡಳತೆಯ ವೃತ್ತ ಸಾಕು. ಹಿಮದ ಹಲಗೆ ಸುಮಾರು 60ರಿಂದ 80 ಸೆಂಟಿಮೀಟರ್ ಉದ್ದ, 40–50 ಎತ್ತರ, 15–20 ದಪ್ಪ. ಈ ಹಲಗೆಗಳನ್ನು ಆದಷ್ಟು ಆ ವೃತ್ತದ ಒಳಗಿನಿಂದಲೇ ಕೊಯ್ಯುತ್ತಾರೆ. ನೆಲ ತಗ್ಗುತ್ತ ಹೋಗುತ್ತದೆ, ಗೋಡೆ ಏರುತ್ತ ಹೋಗುತ್ತದೆ. ಅರ್ಧ ಎತ್ತರ ಪುಕ್ಕಟೆ.

ಮೊದಲ ಸುತ್ತು ಕೂರಿಸಿದ ಮೇಲೆ ಅದರ ತಲೆಯನ್ನು ಓರೆಯಾಗಿ ಸವರುತ್ತಾರೆ, ಒಂದು ಕಡೆ ನೆಲಮಟ್ಟದಿಂದ ಹೊರಟು ನಿಧಾನಕ್ಕೆ ಏರುವ ಹಾಗೆ. ಥರ್ಮಾಕೋಲ್ ಇಗ್ಲೂಗಳಲ್ಲಿ ತಪ್ಪುವುದು ಇಲ್ಲೇ. ನಮ್ಮ ಮಕ್ಕಳು ಬಾವಿಗೆ ಬಳೆ ಇಳಿಸಿದಂತೆ ಸುತ್ತಿನ ಮೇಲೆ ಸುತ್ತು ಇಡುತ್ತಾರೆ. ಇನುಯಿಟ್ ಗೋಡೆ ಚಕ್ಕಲಿಯ ಹಾಗೆ ಒಂದೇ ಸುರುಳಿಯಲ್ಲಿ ಮೇಲೇರುತ್ತದೆ. ಕಾರಣ ಸರಳ. ಒಳಕ್ಕೆ ಬಾಗಿದ ಹಲಗೆ ನಿಲ್ಲಬೇಕಾದರೆ ಅದರ ಬುಡಕ್ಕೂ ಒಂದು ಪಕ್ಕಕ್ಕೂ ಆಸರೆ ಬೇಕು. ಸುರುಳಿಯಲ್ಲಿ ಪ್ರತಿ ಹಲಗೆಗೂ ಹಿಂದಿನ ಹಲಗೆಯ ಹೆಗಲು ಸಿಗುತ್ತದೆ. ಬಿಡಿ ಬಿಡಿ ಸುತ್ತಾದರೆ ಪ್ರತಿ ಸುತ್ತಿನ ಮೊದಲ ಹಲಗೆಗೆ ಹೆಗಲೇ ಇಲ್ಲ, ಕೈ ಬಿಟ್ಟೊಡನೆ ಒಳಗೆ ಬೀಳುತ್ತದೆ. ಕಟ್ಟುವವನು ಒಳಗೇ ನಿಂತಿರುತ್ತಾನೆ. ಕೊನೆಯ ಹಲಗೆ ಉಳಿದ ಕಂಡಿಗಿಂತ ತುಸು ದೊಡ್ಡದು. ಅದನ್ನು ಓರೆ ಮಾಡಿ ಹೊರಗೆ ದೂಡಿ, ಮಟ್ಟಸ ಮಾಡಿ, ಅಂಚು ಸವರುತ್ತ ಸವರುತ್ತ ಕೆಳಗೆ ಇಳಿಸಿ ಬಿಗಿ ಕೂರಿಸುತ್ತಾನೆ. ಆಮೇಲೆ ಬಾಗಿಲು ಕೊಯ್ದುಕೊಂಡು ಹೊರಗೆ ಬರುತ್ತಾನೆ. ಹೊರಗಿನಿಂದ ಹೆಂಗಸರು, ಮಕ್ಕಳು ಸಂದುಗಳಿಗೆ ಪುಡಿ ಹಿಮ ತುಂಬುತ್ತಾರೆ. ಕೈ ನುರಿತವರಿಗೆ ಒಂದೆರಡು ತಾಸಿನ ಕೆಲಸ.

ಆಕಾರದ್ದೂ ಒಂದು ಮಾತಿದೆ. ಅದು ಅರ್ಧ ಚೆಂಡಲ್ಲ. ಅರ್ಧ ಚೆಂಡು ಮಾಡಿದರೆ ಭಾರಕ್ಕೆ ಬುಡದ ಹತ್ತಿರ ಗೋಡೆ ಹೊರಕ್ಕೆ ಉಬ್ಬುತ್ತದೆ. ಹಿಮ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಗೋಳಗುಮ್ಮಟದ ಬುಡಕ್ಕೆ ದಪ್ಪ ಗೋಡೆಯ ಆಸರೆ ಇದೆ, ಇಲ್ಲಿ ಇರುವುದು ಗೇಣು ದಪ್ಪದ ಹಿಮ ಮಾತ್ರ. ಒಂದು ಸರಪಳಿಯ ಎರಡು ತುದಿ ಹಿಡಿದು ಜೋತುಬಿಟ್ಟರೆ ಬರುವ ಕಮಾನನ್ನು ತಲೆಕೆಳಗು ಮಾಡಿ ನೋಡಿ, ಹಿಮದ ಮನೆಯ ಆಕಾರ ಅದಕ್ಕೆ ಹತ್ತಿರ. ಆಗ ಭಾರವೆಲ್ಲ ಒತ್ತುತ್ತಲೇ ನೆಲಕ್ಕೆ ಇಳಿಯುತ್ತದೆ, ಗೋಡೆಯನ್ನು ಎಲ್ಲಿಯೂ ಎಳೆಯುವುದಿಲ್ಲ.

ಒಳಗೆ ಮೂರು ಮಟ್ಟ. ಬಾಗಿಲ ಸುರಂಗ ಎಲ್ಲಕ್ಕಿಂತ ಕೆಳಗೆ. ಆಮೇಲೆ ನೆಲ. ಹಿಂಬದಿಯಲ್ಲಿ ಮೊಳಕಾಲೆತ್ತರಕ್ಕೆ ಹಿಮದ ಕಟ್ಟೆ. ಮಲಗುವುದು, ಕೂರುವುದು, ಹೊಲಿಯುವುದು ಎಲ್ಲ ಅದರ ಮೇಲೆ. ತಣ್ಣನೆಯ ಗಾಳಿ ಭಾರ, ಹಾಗಾಗಿ ಅದು ಸುರಂಗಕ್ಕೆ ಇಳಿದು ಅಲ್ಲೇ ಕೂರುತ್ತದೆ. ಬೆಚ್ಚನೆಯದು ಕಟ್ಟೆಯ ಮೇಲೆ ನಿಲ್ಲುತ್ತದೆ. ಸುರಂಗ ನೆಲದ ಮಟ್ಟಕ್ಕೇ ಇದ್ದರೆ ಬಾಗಿಲು ತೆರೆದಿಟ್ಟ ಫ್ರಿಜ್ಜಿನ ಮುಂದೆ ಮಲಗಿದ ಹಾಗೆ. ಕಟ್ಟೆಗೆ ಎರಡು ಹಾಸು ಚರ್ಮ, ಕೆಳಗಿನದರ ರೋಮ ಕೆಳಮುಖ, ಮೇಲಿನದರ ರೋಮ ಮೇಲ್ಮುಖ. ಹೊರಗೆ ಮೈನಸ್ 40 ಇದ್ದಾಗ ಒಳಗೆ ಸೊನ್ನೆಯ ಆಸುಪಾಸು, ಕಟ್ಟೆಯ ಮೇಲೆ ಇನ್ನೊಂದಿಷ್ಟು ಡಿಗ್ರಿ ಹೆಚ್ಚು. ಇದಕ್ಕಿಂತ ಬೆಚ್ಚಗೆ ಮಾಡಲು ಹೋದರೆ ಛಾವಣಿ ಸೋರುತ್ತದೆ. ಕೆನಡಾದ ಬ್ಯಾಫಿನ್ ದ್ವೀಪದ ಕಡೆ ಇದಕ್ಕೂ ಉಪಾಯ ಕಂಡುಕೊಂಡಿದ್ದರು. ಗೋಡೆಯಿಂದ ಅಂತರ ಬಿಟ್ಟು ಒಳಗಡೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಪರದೆ ತೂಗುಹಾಕುವುದು. ಪರದೆಯ ಹಿಂದೆ ತಣ್ಣನೆಯ ಗಾಳಿ ಉಳಿದು ಹಿಮ ಕರಗುವುದಿಲ್ಲ, ಪರದೆಯ ಈಚೆ ಮೇಲಂಗಿ ಬಿಚ್ಚಿ ಕೂರಬಹುದು.

ಮೊದಲ ಸಲ ದೀಪ ಹಚ್ಚಿದಾಗ ಒಳಮೈ ತುಸು ಕರಗಿ, ಆ ನೀರನ್ನು ಹಿಮ ಹೀರಿ, ಮತ್ತೆ ಹೆಪ್ಪುಗಟ್ಟಿ ಗಾಜಿನ ಹಾಗೆ ಪೊರೆ ಬರುತ್ತದೆ. ಇದರಿಂದ ಗೋಡೆಗೆ ಬಲ ಹೆಚ್ಚು. ಆದರೆ ವಾರಗಟ್ಟಲೆ ಉಳಿದರೆ ಈ ಪೊರೆಯೇ ದಪ್ಪವಾಗುತ್ತ ಹೋಗಿ ಹಿಮವೆಲ್ಲ ಗಡ್ಡೆಯಾಗುತ್ತದೆ, ಮನೆ ತಣ್ಣಗಾಗುತ್ತದೆ. ಆಗ ರಿಪೇರಿ ಇಲ್ಲ, ಹೊಸ ಮನೆಯೇ.

ನೆತ್ತಿಯ ಹತ್ತಿರ ಒಂದು ತೂತು. ಅದಕ್ಕೆ ಅವರ ಮಾತಿನಲ್ಲಿ ‘ಮೂಗು’ ಎಂದೇ ಹೆಸರು. ನಮ್ಮ ಮಾಳಿಗೆ ಮನೆಯ ಬೆಳಕಿಂಡಿಯಂತೆ ಕಂಡರೂ ಅದು ಇರುವುದು ಬೆಳಕಿಗಲ್ಲ, ಉಸಿರಿಗೆ; ಬೆಳಕಿಗೆ ಬಾಗಿಲ ಮೇಲೆ ಸಿಹಿನೀರ ಗಡ್ಡೆಯ ಹಲಗೆಯೊಂದನ್ನು ಕೂರಿಸುತ್ತಾರೆ. ಬಿರುಗಾಳಿಗೆ ಮೂಗು ಮುಚ್ಚಿಹೋಗಿ, ದೀಪ ಉರಿಯುತ್ತಲೇ ಇದ್ದರೆ ಒಳಗೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಉರಿ ಕಾರಣವಿಲ್ಲದೆ ಕುಗ್ಗತೊಡಗಿದರೆ ಮೊದಲು ಮೂಗಿಗೆ ಕೋಲು ಹಾಕಬೇಕು, ಆಮೇಲೆ ಬತ್ತಿಯ ವಿಚಾರ. ಹಗೇವಿಗೆ ಇಳಿಯುವ ಮುಂಚೆ ಬಾಯಿ ತೆರೆದು ಆರಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದ ನಮ್ಮ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ಬೆಂಕಿ ಇಲ್ಲ ಎಂಬ ಮಾತು. ಇಲ್ಲದ್ದು ಕಟ್ಟಿಗೆ, ಬೆಂಕಿಯಲ್ಲ. ಮರವೇ ಬೆಳೆಯದ ನೆಲದಲ್ಲಿ ಅವರು ಉರಿಸಿದ್ದು ಸೀಲ್ ಕೊಬ್ಬನ್ನು, ಉರಿಸಿದ್ದು ‘ಕುಲ್ಲಿಕ್’ ಎಂಬ ಬಳಪದ ಕಲ್ಲಿನ ದೀಪದಲ್ಲಿ. ಅರ್ಧಚಂದ್ರದ ಆಕಾರ, ಆಳವಿಲ್ಲದ ಬಟ್ಟಲು. ಬತ್ತಿ ನಮ್ಮ ಹಣತೆಯಂತೆ ಒಂದು ಮೂಲೆಯಲ್ಲಿಲ್ಲ. ನೇರ ಅಂಚಿನ ಉದ್ದಕ್ಕೂ ತೆಳ್ಳಗೆ ಒತ್ತಿದ ಸಾಲು. ಬತ್ತಿಯ ಸಾಮಾನು ಒಣಗಿದ ಪಾಚಿ ಮತ್ತು ಅಲ್ಲಿ ಬೇಸಿಗೆಯಲ್ಲಿ ಬಿಡುವ ಹತ್ತಿಹುಲ್ಲಿನ ಅರಳೆ, ಎರಡನ್ನೂ ಕೈಯಲ್ಲಿ ಉಜ್ಜಿ ಬೆರೆಸಿದ್ದು. ಬರೀ ಅರಳೆಯಾದರೆ ಬೇಗ ಸುಟ್ಟುಹೋಗುತ್ತದೆ, ಬರೀ ಪಾಚಿಯಾದರೆ ಉರಿ ಹಿಡಿಯಲು ಸತಾಯಿಸುತ್ತದೆ. ಕೊಬ್ಬನ್ನು ಮೊದಲು ಹೆಪ್ಪುಗಟ್ಟಿಸಿ ಜಜ್ಜಬೇಕು. ಜಜ್ಜಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ, ಇಡೀ ತುಂಡು ಹಾಕಿದರೆ ಸುಮ್ಮನೆ ಕೂರುತ್ತದೆ. ಉರಿಯ ಮೇಲೆ ಒಂದು ಕೊಬ್ಬಿನ ತುಂಡು ತೂಗುಹಾಕಿದರೆ ಶಾಖಕ್ಕೆ ಅದೇ ಕರಗಿ ಹನಿ ಹನಿಯಾಗಿ ಬಟ್ಟಲು ತುಂಬಿಸುತ್ತದೆ. ಉರಿ ಹೆಚ್ಚಿದರೆ ಹನಿ ಹೆಚ್ಚು, ಕುಗ್ಗಿದರೆ ಕಡಿಮೆ.

ಈ ದೀಪ ಹೆಂಗಸರ ಕೈಯಲ್ಲಿತ್ತು, ಕಷ್ಟದ ಕೆಲಸವೂ ಅದೇ. ‘ತಕ್ಕುತ್’ ಎಂಬ ಚಿಕ್ಕ ಕಡ್ಡಿಯಿಂದ ಬತ್ತಿಯ ಸಾಲನ್ನು ಆಗಾಗ ತೀಡಿ ಉರಿಯನ್ನು ಎರಡು ಬೆರಳೆತ್ತರಕ್ಕೆ ಒಂದೇ ಸಮ ಇಡಬೇಕು. ಎತ್ತರವಾದರೆ ಮಸಿ. ಮಸಿ ಬಟ್ಟೆಗೆ, ಗೋಡೆಗೆ, ಎದೆಗೆ. ತಗ್ಗಿದರೆ ನೀರು ಕಾಯುವುದಿಲ್ಲ. ಕುಡಿಯುವ ನೀರು, ಮಾಂಸದ ಸಾರು, ಬೆಳಕು, ಮೇಲಿನ ತಟ್ಟಿಯಲ್ಲಿ ಒದ್ದೆ ಬೂಟು-ಕೈಗವಸು ಒಣಗಿಸುವುದು, ಎಲ್ಲ ಈ ಒಂದು ದೀಪದಿಂದ. 1999ರ ಏಪ್ರಿಲ್ 1ರಂದು ಕೆನಡಾದಲ್ಲಿ ನುನಾವುತ್ ಎಂಬ ಇನುಯಿಟ್ ಪ್ರಾಂತ ಹುಟ್ಟಿದಾಗ ಅದರ ಲಾಂಛನದಲ್ಲಿ ಈ ಕುಲ್ಲಿಕ್ ಇಟ್ಟುಕೊಂಡರು.

ಹಸಿ ಮಾಂಸಕ್ಕೂ ಕಾರಣ ಅಜ್ಞಾನವಲ್ಲ. ತರಕಾರಿ, ಹಣ್ಣು ಅಪರೂಪವಾದ ನಾಡಿನಲ್ಲಿ ಸಿ ಜೀವಸತ್ವ ಸಿಗುವುದು ತಿಮಿಂಗಿಲದ ತೊಗಲಿನಲ್ಲಿ, ಹಸಿ ಈಲಿಯಲ್ಲಿ. ಬೇಯಿಸಿದರೆ ಅದು ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಎಲ್ಲ ಈಲಿಯೂ ಅಲ್ಲ. ಹಿಮಕರಡಿಯ ಈಲಿಯನ್ನು ಅವರು ಮುಟ್ಟುವುದಿಲ್ಲ; ಅದರಲ್ಲಿ ಎ ಜೀವಸತ್ವ ವಿಷವಾಗುವಷ್ಟಿದೆ. ತಿಂದು ಚರ್ಮ ಸುಲಿದುಕೊಂಡವರು ಹೊರಗಿನಿಂದ ಬಂದ ಅನ್ವೇಷಕರು. ಬರೀ ತೆಳು ಮಾಂಸ ತಿಂದರೂ ಆಗದು, ಕೊಬ್ಬು ಜೊತೆಗಿರಬೇಕು, ಇಲ್ಲದಿದ್ದರೆ ಹೊಟ್ಟೆ ತುಂಬಿದ್ದೂ ಮನುಷ್ಯ ಸೊರಗುತ್ತಾನೆ.

ಹುಳಿಯಿಸಿದ ಮಾಂಸ, ಮೀನಿನ ತಲೆ ಇತ್ಯಾದಿಗಳ ಬಗ್ಗೆ ಮೂಗು ಮುರಿಯುವವರು ಒಂದು ಸಂಗತಿ ಗಮನಿಸಬೇಕು. ಅಲಾಸ್ಕಾದಲ್ಲಿ ಹಿಂದೆ ಇದನ್ನು ಹುಲ್ಲು ಹಾಸಿದ ತಂಪು ಗುಂಡಿಯಲ್ಲಿ ಇಟ್ಟು, ವಾರಗಟ್ಟಲೆ ನಿಧಾನವಾಗಿ ಹುಳಿಯಿಸುತ್ತಿದ್ದರು. ಪ್ಲಾಸ್ಟಿಕ್ ಡಬ್ಬಿ, ಬಿಗಿ ಮುಚ್ಚಳ ಬಂದ ಮೇಲೆ ಅದೇ ಮಾಂಸವನ್ನು ಗಾಳಿಯಾಡದಂತೆ ಮುಚ್ಚಿ, ಬೇಗ ಆಗಲಿ ಎಂದು ಮನೆಯೊಳಗೆ ಬೆಚ್ಚಗೆ ಇಡತೊಡಗಿದರು. ಗಾಳಿ ಇಲ್ಲದ ಬೆಚ್ಚನೆಯ ಜಾಗ ಬೊಟುಲಿಸಂ ರೋಗಾಣುವಿಗೆ ತವರುಮನೆ; ವಿಷಬಾಧೆ ಹೆಚ್ಚಿತು. ಪದ್ಧತಿ ಹಳೆಯದೇ, ಕೆಟ್ಟದ್ದು ಪಾತ್ರೆ. ಭರಣಿಯ ಉಪ್ಪಿನಕಾಯಿಯನ್ನು ಒದ್ದೆ ಚಮಚದಿಂದ ಮುಟ್ಟಗೊಡದ ಅಜ್ಜಿಯರಿಗೆ ಇದು ಥಟ್ಟನೆ ತಿಳಿಯುತ್ತದೆ.

ಉಡುಪಿನ ಬಗ್ಗೆ ನಿಮ್ಮ ಬರಹದಲ್ಲಿ ‘ದಪ್ಪ ತುಪ್ಪಟದ ಕೋಟು’ ಎಂದಷ್ಟೇ ಇತ್ತು. ಆ ತುಪ್ಪಟ ಹೆಚ್ಚಾಗಿ ಕ್ಯಾರಿಬೂವಿನದು, ಅಂದರೆ ಕಾಡು ಹಿಮಸಾರಂಗದ್ದು. ಅದರ ರೋಮದೊಳಗೆ ಪೊಳ್ಳು, ಅಲ್ಲಿ ಗಾಳಿ. ಚರ್ಮ ಬೇಕಾದದ್ದು ಆಗಸ್ಟ್–ಸೆಪ್ಟೆಂಬರಿನದು. ವಸಂತದ ಚರ್ಮ ನೊಣದ ಹುಳು ಕೊರೆದು ಜರಡಿ. ನಟ್ಟ ಚಳಿಗಾಲದ್ದು ರೋಮ ಅತಿ ಉದ್ದ, ಭಾರ. ಅದು ಹಾಸಿಗೆಗೆ ಸರಿ, ಅಂಗಿಗಲ್ಲ. ಅಂಗಿ ಎರಡು: ಒಳಗಿನದಕ್ಕೆ ರೋಮ ಮೈ ಕಡೆಗೆ, ಹೊರಗಿನದಕ್ಕೆ ರೋಮ ಹೊರಗೆ. ಎರಡೂ ಸಡಿಲ. ಅಲ್ಲಿ ಕೊಲ್ಲುವುದು ಚಳಿಗಿಂತ ಬೆವರು. ಬೆವರಿದ ಬಟ್ಟೆ ನಿಂತ ಗಳಿಗೆಯಲ್ಲಿ ಗಡ್ಡೆಯಾಗುತ್ತದೆ. ಹಾಗಾಗಿ ಓಡುವಾಗ ತಲೆಯ ಟೊಪ್ಪಿಗೆ ಹಿಂದೆ ಸರಿಸಿ ಕುತ್ತಿಗೆಯಿಂದ ಬಿಸಿ ಬಿಡುತ್ತಾರೆ. ಮನೆ ಹೊಗುವ ಮುಂಚೆ ಸುರಂಗದಲ್ಲಿ ನಿಂತು ಕೋಲಿನಿಂದ ಅಂಗಿ ಬಡಿದು ಹಿಮದ ಪುಡಿ ಉದುರಿಸಬೇಕು. ಉದುರಿಸದೆ ಒಳಗೆ ತಂದರೆ ಅದು ಕರಗಿ, ರೋಮ ನೆನೆದು, ಮರುದಿನಕ್ಕೆ ಅಂಗಿ ಹಲಗೆ.

ಬೂಟಿನ ಹೊಲಿಗೆ ಇನ್ನೂ ಸೂಕ್ಷ್ಮ. ಸೀಲ್ ಚರ್ಮದ ಎರಡು ತುಂಡು ಜೋಡಿಸುವಾಗ ಸೂಜಿ ಒಂದು ತುಂಡಿನ ಅರ್ಧ ದಪ್ಪದಲ್ಲೇ ಹೊರಳಿ ಹೊರಬರಬೇಕು, ಆಚೆ ಬದಿಗೆ ದಾಟಕೂಡದು. ಆಮೇಲೆ ಮಗುಚಿ, ಅಂಚು ಮಡಿಸಿ, ಇನ್ನೊಂದು ಸಾಲು ಅದೇ ರೀತಿ. ಚರ್ಮದ ಆರುಪಾರು ಹೋಗುವ ತೂತು ಒಂದೂ ಇಲ್ಲ, ನೀರು ಬರಲು ದಾರಿಯೂ ಇಲ್ಲ. ದಾರ ಹತ್ತಿಯದಲ್ಲ, ಕ್ಯಾರಿಬೂ ಬೆನ್ನಿನ ಸ್ನಾಯುವಿನ ಎಳೆ. ಒದ್ದೆಯಾದಾಗ ಅದು ಊದಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ಹತ್ತಿಯ ದಾರ ಹೀಗೆ ಊದಿ ಬಿಗಿಯುವುದಿಲ್ಲ, ಮೇಲಾಗಿ ಕೊಳೆಯುತ್ತದೆ. ಒಂದು ಹೊಲಿಗೆ ತಪ್ಪಿದರೆ ಬೆರಳು ಹೋಯಿತು ಎಂದೇ ಲೆಕ್ಕ. ನಾರ್ವೆಯ ಅನ್ವೇಷಕ ಅಮುಂಡ್ಸೆನ್ 1903ರಿಂದ 1905ರವರೆಗೆ ನೆತ್ಸಿಲಿಕ್ ಇನುಯಿಟ್ ಜನರ ಪಕ್ಕದಲ್ಲೇ ಎರಡು ಚಳಿಗಾಲ ಕಳೆದು ಈ ಉಡುಪು, ನಾಯಿಗಾಡಿ ಎಲ್ಲ ಕಲಿತ. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದಾಗ ಅವನಿಗೆ ಒದಗಿದ್ದು ಆ ಪಾಠ. ಮಕ್ಕಳ ಪುಟದಲ್ಲಿ ಅವನ ಹೆಸರು ಬರುತ್ತದೆ, ಕಲಿಸಿದವರದು ಬರುವುದಿಲ್ಲ.

ಗಾಡಿಯ ಬಗ್ಗೆ ಎರಡೇ ಮಾತು. ಜಾರುಬಂಡಿಯ ಅಡ್ಡಪಟ್ಟಿಗಳಿಗೆ ಮೊಳೆ ಹೊಡೆಯುವುದಿಲ್ಲ, ಬಾರಿನಿಂದ ಬಿಗಿಯುತ್ತಾರೆ. ಉಬ್ಬುತಗ್ಗಿನ ಗಡ್ಡೆಯ ಮೇಲೆ ಬಂಡಿ ಮೈ ತಿರುಚಿಕೊಳ್ಳಬೇಕು. ಮೊಳೆಯ ಬಂಡಿ ತಿರುಚುವುದಿಲ್ಲ, ಮುರಿಯುತ್ತದೆ. ನಮ್ಮ ಚಕ್ಕಡಿಗೆ ಕೀಲೆಣ್ಣೆ ಇದ್ದಂತೆ ಅಲ್ಲಿ ಜಾರುಪಟ್ಟಿಗೆ ಕೆಸರು ಮೆತ್ತಿ ಹೆಪ್ಪುಗಟ್ಟಿಸಿ, ನಯ ಮಾಡಿ, ಬಾಯಲ್ಲಿ ಬೆಚ್ಚಗೆ ಮಾಡಿದ ನೀರು ಉಗುಳಿ ತೆಳು ಗಡ್ಡೆಯ ಪದರ ಕೊಡುತ್ತಾರೆ. ಕಟ್ಟಿಗೆ ಸಿಗದ ಕಡೆ ಮೀನುಗಳನ್ನು ಸಾಲಾಗಿ ಒದ್ದೆ ಚರ್ಮದಲ್ಲಿ ಸುತ್ತಿ ಹೆಪ್ಪುಗಟ್ಟಿಸಿ ಅದನ್ನೇ ಜಾರುಪಟ್ಟಿ ಮಾಡುತ್ತಿದ್ದರು. ವಸಂತ ಬಂದಾಗ ಬಂಡಿ ಬಿಚ್ಚಿದರೆ ಊಟ.

ಸಾಮಿ, ನೆನೆತ್ಸ್ ಜನರ ಹಿಮಸಾರಂಗ ಸಾಕಣೆ ಹಾವೇರಿ, ಗದಗಿನ ಕುರಿಗಾರರಿಗೆ ಯಾರೂ ವಿವರಿಸಬೇಕಾಗಿಲ್ಲ. ಹಿಂಡಿನ ಹಿಂದೆ ಮನೆ ಹೊತ್ತು ತಿರುಗುವುದು, ಗುರುತು ಹಾಕುವುದು, 'ಈ ವರ್ಷ ಮೇವು ಎಲ್ಲಿ' ಎಂಬ ಚಿಂತೆ, ಎಲ್ಲ ಒಂದೇ. ಸಾಮಿ ಜನ ಬೇಸಿಗೆಯಲ್ಲಿ ಮರಿಯ ಕಿವಿಯಂಚನ್ನು ಚಾಕುವಿನಿಂದ ಕಚ್ಚು ಮಾಡುತ್ತಾರೆ. ಪ್ರತಿ ಒಡೆಯನಿಗೂ ಬೇರೆ ಕಚ್ಚು, ಅದು ದಾಖಲಾಗಿರುತ್ತದೆ. ಚಳಿಗಾಲದ ಮೇವು ಮಾತ್ರ ವಿಚಿತ್ರ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ದೂರದ ಬಳಗ ಅದು, ನೆಲದ ಮೇಲೆ ಬೆಳೆಯುವಂಥದ್ದು, ವರ್ಷಕ್ಕೆ ಕೆಲವೇ ಮಿಲಿಮೀಟರ್. ಒಮ್ಮೆ ತುಳಿದು ಹಾಳಾದರೆ ಮತ್ತೆ ಬರಲು ದಶಕಗಳೇ ಬೇಕು. ಸಾರಂಗ ಅದನ್ನು ಹಿಮದ ಮೇಲಿನಿಂದಲೇ ಮೂಸಿ, ಗೊರಸಿನಿಂದ ಅಗೆದು ತಿನ್ನುತ್ತದೆ.

ಸಡಿಲ ಹಿಮ ಬಿದ್ದರೆ ಸಾರಂಗಕ್ಕೆ ಅಷ್ಟು ಚಿಂತೆ ಇಲ್ಲ. ದೊಡ್ಡ ಚಿಂತೆ ಹಿಮದ ಮೇಲೆ ಮಳೆ ಬಿದ್ದರೆ. ಆ ನೀರು ಹೆಪ್ಪುಗಟ್ಟಿ ಮೇವಿನ ಮೇಲೆ ಕಲ್ಲುಚಪ್ಪಡಿ ಎಳೆದಂತಾಗುತ್ತದೆ, ಗೊರಸು ಇಳಿಯುವುದಿಲ್ಲ. 2013ರ ನವೆಂಬರಿನಲ್ಲಿ ರಷ್ಯಾದ ಯಮಾಲ್‌ನಲ್ಲಿ ಹೀಗೇ ಆಗಿ, ಆ ಚಳಿಗಾಲದಲ್ಲಿ 61,000 ಸಾರಂಗಗಳು ಹಸಿವಿನಿಂದ ಸತ್ತವು. 2016ರ ಬೇಸಿಗೆಯಲ್ಲಿ ಅಲ್ಲೇ ಹೆಪ್ಪುಗಟ್ಟಿದ್ದ ನೆಲ ಕರಗಿ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎದ್ದು ಎರಡು ಸಾವಿರಕ್ಕೂ ಹೆಚ್ಚು ಸಾರಂಗ ಮತ್ತು ಒಬ್ಬ ಹುಡುಗ ಬಲಿಯಾದರು. ರೋಗ ಬಹುಕಾಲದಿಂದ ಕಂಡಿಲ್ಲ ಎಂದು 2007ರಲ್ಲಿ ಲಸಿಕೆ ನಿಲ್ಲಿಸಿದ್ದರು. ನೆರಡಿಯ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ ಎಂಬುದನ್ನು ಮರೆತವರು ನಮ್ಮ ಕಡೆಯೂ ಇದ್ದಾರೆ. ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವವರು.

ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರ ನೋಡಿದ ಗದಗಿನ ಓದುಗರಿಗೆ ಇನ್ನೊಂದು ಸಂಗತಿ ಹತ್ತಿರವಾದೀತು. ನಾರ್ವೆಯ ಫೋಸೆನ್ ಪ್ರದೇಶದ ಸಾಮಿ ಜನರ ಚಳಿಗಾಲದ ಮೇವಿನ ನೆಲದಲ್ಲಿ 151 ಗಾಳಿಯಂತ್ರ ನಿಲ್ಲಿಸಿದರು. ಸಾರಂಗ ಯಂತ್ರದ ಹತ್ತಿರ ಸುಳಿಯುವುದಿಲ್ಲ, ಹಾಗಾಗಿ ಮೇವು ಇದ್ದೂ ಇಲ್ಲದಂತೆ. 2021ರ ಅಕ್ಟೋಬರ್ 11ರಂದು ನಾರ್ವೆಯ ಸುಪ್ರೀಂ ಕೋರ್ಟ್ ಆ ಪರವಾನಗಿಗಳು ಅಸಿಂಧು ಎಂದಿತು. ಸಾರಂಗ ಸಾಕುವುದು ಅವರ ಸಂಸ್ಕೃತಿ, ಅದನ್ನು ನಡೆಸಿಕೊಂಡು ಹೋಗುವ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು. ತೀರ್ಪು ಬಂದರೂ ಯಂತ್ರ ನಿಲ್ಲಲಿಲ್ಲ. 2023ರಲ್ಲಿ ಸಾಮಿ ಯುವಕರು ಓಸ್ಲೋದ ಸಚಿವಾಲಯಗಳ ಬಾಗಿಲಲ್ಲಿ ಕೂತರು, ಆಮೇಲೆ ಪರಿಹಾರದ ಒಪ್ಪಂದಗಳಾದವು. ಗಾಳಿ ವಿದ್ಯುತ್ ಬೇಡ ಎಂಬ ವಾದ ನಮ್ಮದಲ್ಲ. ಆದರೆ ಗುಡ್ಡದ ನಕ್ಷೆ ಬಿಡಿಸುವಾಗ ಮೇಯುವ ದನ, ಕುರಿಯ ದಾರಿಯೂ ಅದರಲ್ಲಿರಬೇಕು.

ಇಂದು ಈ ಜನರಲ್ಲಿ ಹೆಚ್ಚಿನವರು ಹೀಟರ್ ಇರುವ ಮನೆಗಳಲ್ಲಿದ್ದಾರೆ. ಸ್ನೋಮೊಬೈಲ್ ಎಂಬ ಮೋಟಾರು ಹಿಮಬಂಡಿ ಓಡಿಸುತ್ತಾರೆ, ಮೊಬೈಲ್ ನೋಡುತ್ತಾರೆ. ಮಕ್ಕಳ ಪುಟದಲ್ಲಿ ಎಲ್ಲವನ್ನೂ ವರ್ತಮಾನ ಕಾಲದಲ್ಲಿ ಬರೆದು ಅವರನ್ನು ಹಿಮದೊಳಗೇ ಕೂರಿಸುವುದು ಸರಿಯಲ್ಲ. ಹಾಗೆಂದು ವಿದ್ಯೆ ಸತ್ತಿಲ್ಲ. ಗಾಡಿ ಕೆಟ್ಟು ಬಿರುಗಾಳಿಗೆ ಸಿಕ್ಕವರಿಗೆ ಹಿಮದ ಮನೆಯೇ ಗತಿ. ತೆಳು ಗಡ್ಡೆ ಕಂಡರೆ ನಾಯಿ ನಿಲ್ಲುತ್ತದೆ, ಸ್ನೋಮೊಬೈಲ್ ನಿಲ್ಲುವುದಿಲ್ಲ. ಉತ್ಕಿಯಾಗ್ವಿಕ್‌ನಲ್ಲಿ ತಿಮಿಂಗಿಲದ ಮಾಂಸ ಇಡಲು ಹೆಪ್ಪುಗಟ್ಟಿದ ನೆಲದೊಳಗೆ ತೋಡಿದ ನೆಲಮಾಳಿಗೆಗಳಿವೆ, ಹೆಚ್ಚುಕಡಿಮೆ ನಮ್ಮ ಹಗೇವೇ. ಈಗ ಅವುಗಳಲ್ಲಿ ಕೆಲವಕ್ಕೆ ನೀರು ನುಗ್ಗುತ್ತಿದೆ, ಗೋಡೆ ಕುಸಿಯುತ್ತಿವೆ.

ಈಗ ಬೇಡಿಕೆ. ಬರಹ ತಿದ್ದಿ ಇನ್ನೊಮ್ಮೆ ಹಾಕಿ. ಜೊತೆಗೆ ಶಿಕ್ಷಕರಿಗೆ ಈ ಅಳತೆಯನ್ನೂ ಕೊಡಿ. ಹತ್ತರಲ್ಲಿ ಒಂದು ಪ್ರಮಾಣ ಹಿಡಿದರೆ ಇಗ್ಲೂವಿನ ಅಡ್ಡಳತೆ 35 ಸೆಂಟಿಮೀಟರ್. ಎರಡು ಸೆಂಟಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆಯಿಂದ 7 ಉದ್ದ, 4.5 ಎತ್ತರದ ತುಂಡು ಕೊಯ್ಯಿರಿ. ಮೊದಲ ಸುತ್ತಿನ ತಲೆ ಓರೆ ಸವರಿ ಅಲ್ಲಿಂದ ಸುರುಳಿ ಹಿಡಿಯಿರಿ. ಅಂಟು ಹಚ್ಚುವ ಮುಂಚೆ ಒಮ್ಮೆ ಸುರುಳಿಯಲ್ಲಿ, ಒಮ್ಮೆ ಬಿಡಿ ಸುತ್ತಿನಲ್ಲಿ ಜೋಡಿಸಲು ಮಕ್ಕಳಿಗೇ ಬಿಡಿ, ಯಾವುದು ಬೀಳುತ್ತದೆ ಅವರೇ ನೋಡಲಿ. ಒಂದು ಪಕ್ಕ ಬಿಚ್ಚಿಡಿ, ಒಳಗಿನ ಕಟ್ಟೆ ಕಾಣಲಿ. ಸುರಂಗ ನೆಲಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗಿರಲಿ. ಅದಕ್ಕಾಗಿ ಇಡೀ ಮಾದರಿಯನ್ನು ಎತ್ತರದ ಹಲಗೆಯ ಮೇಲೆ ಕೂರಿಸಬೇಕಾಗುತ್ತದೆ. ನೆತ್ತಿಯ ಬಳಿ ಪೆನ್ಸಿಲ್ ಹೋಗುವಷ್ಟು ತೂತು. ದೀಪಕ್ಕೆ ಮೇಣದಬತ್ತಿ ಬೇಡ, ಥರ್ಮಾಕೋಲ್ ಹೊತ್ತಿಕೊಳ್ಳುತ್ತದೆ. ಜೇಡಿಮಣ್ಣಿನ ಅರ್ಧಚಂದ್ರ ಮಾಡಿ ಅಂಚಿಗೆ ಸಣ್ಣ ಎಲ್‌ಇಡಿ ಸಾಲು ಹಚ್ಚಿದರೆ ಸಾಕು. ಬಾಗಿಲ ಮುಂದೆ ನಾಲ್ಕು ನಾಯಿ, ಒಂದು ಬಂಡಿ. ಪೆಂಗ್ವಿನ್ ಬೊಂಬೆ ಆಗಲೇ ತಂದಿಟ್ಟಿದ್ದರೆ ಪಕ್ಕದ ಮೇಜಿನ ಅಂಟಾರ್ಕ್ಟಿಕಾ ಮಾದರಿಗೆ ಕೊಟ್ಟುಬಿಡಿ.

ಇತಿ,
ಇಬ್ಬರು ಓದುಗರು
ಧಾರವಾಡ